ಒಂಬತ್ತನೆಯ ಅಂಗಿ

ಕಿಲ್‌ಮಾರನ್
ಭಾನುವಾರ, ೧೯ ಫೆಬ್ರವರಿ ೧೯೮೯

ಫೆಲಿಮ್,

ಮಲಾಕಿಯ ಆತ್ಮಕ್ಕೆ ಚರ್ಚಿನಲ್ಲಿ ಬಲಿಪೂಜೆ ಮಾಡಿಸಿ ನೀನು ಕಳಿಸಿದ ಕಾರ್ಡು ತಲುಪಿತು. ಒಳಗೆ ನಿನ್ನ ಹೆಸರು ಬಿಟ್ಟರೆ ಬೇರೇನೂ ಇರಲಿಲ್ಲ. ಇದನ್ನು ದೂರು ಎಂದು ತಿಳಿಯಬೇಡ. ಗಂಡನನ್ನು ಕಳೆದುಕೊಂಡವಳಿಗೆ ಬೇರೆಯವರು ಬರೆದ ಕಾರ್ಡುಗಳಲ್ಲಿ ಮಾತು ಜಾಸ್ತಿಯೇ ಇತ್ತು. ನಿನ್ನದನ್ನು ಅಡುಗೆಮನೆಯ ಕಿಟಕಿಯಲ್ಲಿ ಇಟ್ಟಿದ್ದೇನೆ.

ಮಲಾಕಿ ಹೇಗೆ ಹೋದ ಎಂದು ನಿನಗೆ ಯಾರು ಹೇಳಿದರೋ ಏನೋ. ಹಾಲಿನ ಲಾರಿಯನ್ನು ಡೈರಿಯ ಅಂಗಳಕ್ಕೆ ತಂದ, ಎಂಜಿನ್ ಆರಿಸಿದ, ಅಲ್ಲೇ ಕುಳಿತ. ಪೈಪು ಜೋಡಿಸಲು ಬಂದವರು ರೇಡಿಯೋ ಕೇಳುತ್ತಿದ್ದಾನೆ ಅಂದುಕೊಂಡರಂತೆ. ಎದೆಬಡಿತ ನಿಂತುಹೋಗಿತ್ತು. ಅವನಿಗೆ ನಲವತ್ತೊಂದು, ನಿನ್ನಷ್ಟೇ.

ಮಣ್ಣಿನ ದಿನ ಆಲಿಕಲ್ಲಿನಂಥ ಮಳೆ. ಊರಿನ ಫುಟ್‌ಬಾಲ್ ಕ್ಲಬ್ಬಿನವರು ಚರ್ಚಿನಿಂದ ಸ್ಮಶಾನದವರೆಗೆ ರಸ್ತೆಯ ಎರಡೂ ಬದಿಗೆ ನಿಂತಿದ್ದರು. ಇದ್ದವರೇ ಕಡಿಮೆ, ಆದ್ದರಿಂದ ದೂರ ದೂರ ನಿಂತಿದ್ದರು. ಪೆಟ್ಟಿಗೆಯ ಮೇಲೆ ಅವನ ಎಂಟನೇ ನಂಬರಿನ ಅಂಗಿ ಹಾಸಿತ್ತು. ಕೆಳಗಿಳಿಸುವ ಮೊದಲು ಕಾಹಲ್ ಅದನ್ನು ತೆಗೆದು, ಮಡಚಿ, ನನ್ನ ಕೈಗೆ ಕೊಟ್ಟ. ಕಾಹಲ್ ಎಂದರೆ ಪ್ಯಾಕಿ ಮೆಕ್‌ಟರ್ನನ್‌ರ ಮಗ. ನೀನು ಹೋಗುವಾಗ ಅವನು ತಾಯಿಯ ಸೊಂಟದ ಮೇಲಿದ್ದ, ಈಗ ನಮ್ಮ ಕ್ಯಾಪ್ಟನ್. ಆಟ ಮುಗಿದ ಮೇಲೆ ಒಗೆಯಲು ಕೊಡುತ್ತಾರಲ್ಲ, ಹಾಗೆಯೇ ಕೊಟ್ಟ. ನಾನೂ ಅಭ್ಯಾಸಬಲದಿಂದ ಕಾಲರು ತಿರುಗಿಸಿ ಕೊಳೆ ಇದೆಯೇ ಎಂದು ನೋಡಿದೆ. ಆಮೇಲೆ ನೆನಪಾಯಿತು.

ಇಲ್ಲಿ ಎಲ್ಲರೂ ಬಂದು ಅವನ ಬಗ್ಗೆ ಮಾತಾಡುತ್ತಾರೆ. ಮಾತಾಡುವುದೆಲ್ಲ ಕೋಚ್ ಮಲಾಕಿಯ ಬಗ್ಗೆ. ಸೀಟಿ, ಟೋಪಿ, ಕುಂಟು ಕಾಲು. ಆ ಕಾಲು ಮುರಿಯುವ ಮೊದಲಿನವನನ್ನು, ಮೂರು ಬೇಸಿಗೆ ಕೌಂಟಿಯ ತಂಡಕ್ಕೆ ಆಡಿದವನನ್ನು, ನೆಲ ಬಿಟ್ಟು ಮೇಲೆ ಹೋದರೆ ಕೆಳಗಿಳಿಯಲು ಮರೆತವನಂತೆ ಚೆಂಡು ಹಿಡಿಯುತ್ತಿದ್ದವನನ್ನು ಸರಿಯಾಗಿ ಬಲ್ಲವನು ನೀನೊಬ್ಬ. ನೀನು ಪಕ್ಕದಲ್ಲೇ ನಿಂತು ಆಡಿದವನು. ಅದಕ್ಕೇ ಬರೆದೆ. ಬೇರೆ ಕಾರಣವಿಲ್ಲ.

ಡಿಂಪ್ನಾ


ಕ್ರಿಕಲ್‌ವುಡ್, ಲಂಡನ್
೧೨ ಮಾರ್ಚ್ ೧೯೮೯

ಡಿಂಪ್ನಾ,

ಉತ್ತರ ತಡವಾಯಿತು. ಬರೆದು ಹರಿದು ಹಾಕಿದ್ದೂ ಉಂಟು.

ಮಣ್ಣಿಗೆ ಬರಬಹುದಿತ್ತು. ಕೆಲಸದಲ್ಲಿ ರಜೆ ಸಿಕ್ಕಿತ್ತು. ಚೀಲ ಹಿಡಿದು ಯೂಸ್ಟನ್ ಸ್ಟೇಷನ್ನಿನವರೆಗೆ ಹೋದೆ. ಹಡಗಿಗೆ ಕರೆದೊಯ್ಯುವ ರೈಲು ಎದುರಿಗೇ ನಿಂತಿತ್ತು. ಅದರ ತುಂಬ ನಮ್ಮ ಕಡೆಯವರ ಮಾತು ಕೇಳಿಸಿತು. ತಿರುಗಿ ಬಂದೆ.

ಕಾರಣ ನಿನಗೆ ಗೊತ್ತು. ಎಪ್ಪತ್ತೊಂದರಲ್ಲಿ ನಮ್ಮೂರು ಗೆದ್ದ ಏಕೈಕ ಕಪ್ಪನ್ನು ವಾಪಸು ಕೊಡಿಸಿದವನು ನಾನು. ಆ ಬೇಸಿಗೆ ಇಲ್ಲಿ ಗಾರೆ ಕೆಲಸಕ್ಕೆ ಬಂದವನು ಒಂದು ಭಾನುವಾರ ಟಾಮ್ ಬ್ರೆನ್ನನ್ ಎಂಬವನ ಹೆಸರಿನಲ್ಲಿ ಇಲ್ಲಿಯ ತಂಡಕ್ಕೆ ಆಡಿದೆ. ಒಂದೇ ವರ್ಷ ಎರಡು ಕಡೆ ಆಡಬಾರದು ಎಂದು ಗೊತ್ತಿತ್ತು. ಎಲ್ಲರೂ ಆಡುತ್ತಿದ್ದರು, ನಾನೂ ಆಡಿದೆ. ಫೈನಲ್ಲಿನಲ್ಲಿ ನಮ್ಮಿಂದ ಸೋತ ಡ್ರಮ್‌ಕೀಲಿನವರು ಅದನ್ನು ಹುಡುಕಿ ತೆಗೆದು ದೂರು ಕೊಟ್ಟರು. ಕಪ್ಪು ಅವರ ಊರಿಗೆ ಹೋಯಿತು. ಕ್ಯಾಪ್ಟನ್ ಮಲಾಕಿ ತನ್ನ ಕೈಯಾರೆ ಅದನ್ನು ಒಯ್ದು ಕೊಟ್ಟು ಬಂದ. ಅವನು ಸೈಕಲ್ಲಿನಲ್ಲಿ ನನ್ನ ಮನೆ ದಾಟಿ ಹೋದದ್ದನ್ನು ನಾನು ಬೇಲಿಯ ಹಿಂದಿನಿಂದ ನೋಡಿದೆ. ಕಪ್ಪನ್ನು ಗೋಣಿಚೀಲದಲ್ಲಿ ಸುತ್ತಿ ಹ್ಯಾಂಡಲಿಗೆ ನೇತುಹಾಕಿದ್ದ.

ಅವನು ಒಂದು ಬೈಗುಳವನ್ನಾದರೂ ಬೈದಿದ್ದರೆ ನಾನು ಊರಲ್ಲೇ ಇರುತ್ತಿದ್ದೆನೇನೋ.

ಈಗ ಇಂಗ್ಲಿಷರ ಫುಟ್‌ಬಾಲ್ ನೋಡಿ ಬೆಳೆದ ಇಲ್ಲಿಯ ಹುಡುಗರಿಗೆ, ಚೆಂಡನ್ನು ಕೈಯಲ್ಲೂ ಹಿಡಿಯುವ ನಮ್ಮ ಆಟವನ್ನು ನಾನೂ ಕಲಿಸುತ್ತೇನೆ. ಚೆಂಡನ್ನು ಪೀಪಾಯಿಯ ನೀರಿನಲ್ಲಿ ನೆನೆಹಾಕಿ ಕೊಡುತ್ತೇನೆ. ಒದ್ದೆ ಚೆಂಡು ಹಿಡಿಯಬಲ್ಲವನು ಯಾವುದನ್ನೂ ಹಿಡಿಯುತ್ತಾನೆ ಎನ್ನುತ್ತೇನೆ. ಯಾರು ಹೇಳಿಕೊಟ್ಟರು ಎಂದು ಅವರು ಕೇಳುತ್ತಾರೆ. ಊರಲ್ಲೊಬ್ಬ ಇದ್ದ ಎನ್ನುತ್ತೇನೆ.

ಇಷ್ಟೇ.

ಫೆಲಿಮ್


ಕಿಲ್‌ಮಾರನ್
ಈಸ್ಟರ್ ಸೋಮವಾರ, ೧೯೮೯

ಫೆಲಿಮ್,

ಪೀಪಾಯಿಯ ವಿಷಯ ಓದಿ ಎದ್ದು ಹೊರಗೆ ಹೋದೆ. ಅವನ ಪೀಪಾಯಿ ಮೈದಾನದ ಶೆಡ್ಡಿನ ಹಿಂದೆ ಹಾಗೆಯೇ ಇದೆ. ಅವನು ತುಂಬಿಸಿದ ಜನವರಿಯ ನೀರೇ ಇದೆ. ಯಾರೂ ಚೆಲ್ಲಿಲ್ಲ.

ಹಾಗಾದರೆ ನೀವಿಬ್ಬರೂ ಹದಿನೆಂಟು ವರ್ಷ ಸಮುದ್ರದ ಆಚೆ ಈಚೆ ನಿಂತು ಹುಡುಗರಿಗೆ ಒದ್ದೆ ಚೆಂಡು ಎಸೆಯುತ್ತಿದ್ದಿರಿ, ಪರಸ್ಪರ ಒಂದು ಸಾಲು ಬರೆಯಲಿಲ್ಲ. ಗಂಡಸರ ವಿಷಯ ನನಗೆ ಅರ್ಥವಾಗುವುದಿಲ್ಲ.

ಈಗ ನಾನು ಬರೆಯುವುದನ್ನು ಪೂರ್ತಿ ಓದು, ಆಮೇಲೆ ಬೇಡ ಅನ್ನು.

ನಿನ್ನೆ ಬಲಿಪೂಜೆ ಮುಗಿದ ಮೇಲೆ ಕ್ಲಬ್ಬಿನ ಸಭೆ ಇತ್ತು. ಪ್ಯಾಕಿ ಈಗಲೂ ಸೆಕ್ರೆಟರಿ. ಬೆನ್ನು ಬಾಗಿದೆ, ಬಾಯಿ ಬಾಗಿಲ್ಲ. ಕ್ರಿಸ್‌ಮಸ್ ಕಳೆದ ಮೇಲೆ ನಾಲ್ಕು ಹುಡುಗರು ಬಾಸ್ಟನ್ನಿಗೆ ಹೋದರು, ಇಬ್ಬರು ನಿಮ್ಮ ಲಂಡನ್ನಿಗೆ. ಉಳಿದವರನ್ನು ಪ್ಯಾಕಿ ಬೆರಳು ಮಡಚಿ ಎಣಿಸಿದರು. ಹದಿನಾಲ್ಕಕ್ಕೆ ನಿಂತಿತು. ಮೊದಲಿನಿಂದ ಇನ್ನೊಮ್ಮೆ ಎಣಿಸಿದರು.

"ನೀವೇ ನಿಂತ್ಕೊಳ್ಳಿ ಅಪ್ಪಾ" ಎಂದ ಕಾಹಲ್.

"ನಿಂತ್ಕೋತೀನಿ ಕಣೋ. ಗೋಲ್ ಕಂಬ ಬಿದ್ದುಹೋದಾಗ ಹೇಳು."

ಯಾರೂ ಹೆಚ್ಚು ನಗಲಿಲ್ಲ. ಹದಿಮೂರು ಜನರಿಂದ ಆಟ ಶುರು ಮಾಡಬಹುದು, ಆದರೆ ಎರಡನೇ ಅರ್ಧಕ್ಕೆ ಹದಿನೈದು ಜನ ಮೈದಾನದಲ್ಲಿರಬೇಕು, ನಿನಗೆ ಗೊತ್ತಲ್ಲ. ಇಲ್ಲದಿದ್ದರೆ ಆಟ ಎದುರಾಳಿಗೆ. ಮೊದಲ ಆಟಕ್ಕೇ ಹೀಗಾದರೆ ಈ ವರ್ಷ ಕಿಲ್‌ಮಾರನ್ ತಂಡ ಇಲ್ಲ. ನಮ್ಮ ಹುಡುಗರು ಡ್ರಮ್‌ಕೀಲಿನ ಜೊತೆ ಸೇರಿಕೊಳ್ಳಬೇಕು. ಅವರ ಮೈದಾನ, ಅವರ ಬಣ್ಣ, ಅವರ ಹೆಸರು. ಒಮ್ಮೆ ಸೇರಿದವರು ಮತ್ತೆ ಬೇರೆಯಾದದ್ದನ್ನು ನಾನು ನೋಡಿಲ್ಲ. ಮೊದಲ ಆಟ ಮೇ ಹದಿನಾಲ್ಕಕ್ಕೆ, ಡ್ರಮ್‌ಕೀಲಿನ ಮೇಲೆಯೇ. ಅವರು ಆಗಲೇ ನಮ್ಮ ಕಾಹಲ್‌ಗೆ ಯಾವ ಸೈಜಿನ ಅಂಗಿ ಬೇಕು ಎಂದು ಡೈರಿಯಲ್ಲಿ ಕೇಳುತ್ತಿದ್ದಾರಂತೆ.

ಮಲಾಕಿಗೆ ಮೊಣಕಾಲು ಹೋದದ್ದು ಇಪ್ಪತ್ತಾರಕ್ಕೆ. ಆಮೇಲಿನ ಅವನ ಬದುಕೆಲ್ಲ ಈ ತಂಡ. ಒಂದು ಕಪ್ಪನ್ನೂ ಗೆಲ್ಲಲಿಲ್ಲ. ಎರಡು ಸಲ ಸೆಮಿಫೈನಲ್ಲಿನಲ್ಲಿ ಸೋತರು, ಒಂದು ವರ್ಷ ಒಂದೂ ಆಟ ಗೆಲ್ಲಲಿಲ್ಲ. ಆದರೆ ಒಂದು ಭಾನುವಾರವೂ ಹದಿನೈದಕ್ಕೆ ಕಡಿಮೆ ಇಳಿಸಲಿಲ್ಲ. ಹಾಲು ಒಯ್ಯುವ ದಾರಿಯಲ್ಲಿ ಮನೆ ಮನೆಗೆ ನಿಂತು, ಹುಡುಗ ಎದ್ದನೋ, ಕುಡಿದು ಮಲಗಿದನೋ, ತಂಡಕ್ಕೆ ಬರುತ್ತಾನೋ ಎಂದು ಕೇಳುತ್ತಿದ್ದ. ಅವನು ಹೋದ ವರ್ಷವೇ ಇದು ಮುರಿಯುವುದು ನನಗೆ ಬೇಡ.

ನೀನು ಹದಿನೈದನೆಯವನಾಗಿ ಬಾ. ಆಡಬೇಕೆಂದಿಲ್ಲ, ನಿಂತರೆ ಸಾಕು.

ಡಿಂಪ್ನಾ


ಕ್ರಿಕಲ್‌ವುಡ್
೯ ಏಪ್ರಿಲ್ ೧೯೮೯

ಡಿಂಪ್ನಾ,

ಪೂರ್ತಿ ಓದಿದೆ. ಆಗುವುದಿಲ್ಲ.

ನನ್ನ ವಯಸ್ಸಿನ ಮಾತಲ್ಲ. ಇಲ್ಲಿ ಈಗಲೂ ಆಗೊಮ್ಮೆ ಈಗೊಮ್ಮೆ ಗೋಲಿನಲ್ಲಿ ನಿಲ್ಲುತ್ತೇನೆ. ಎಪ್ಪತ್ತೈದರಲ್ಲಿ, ಹಡಗು ಬಂದು ನಿಲ್ಲುವ ಹೋಲಿಹೆಡ್ ಬಂದರಿನಿಂದ ಬರುವ ರೈಲಿನಲ್ಲಿ ಡ್ರಮ್‌ಕೀಲಿನವನೊಬ್ಬ ಸಿಕ್ಕಿದ್ದ. ನಗುತ್ತಲೇ ಹೇಳಿದ: "ನಿಮ್ಮೋರು ಒಂಬತ್ತನೇ ನಂಬರ್‌ನ ಯಾರಿಗೂ ಹಾಕ್ತಿಲ್ಲ ಗೊತ್ತಾ? ಎಂಟಾದ ಮೇಲೆ ಸೀದಾ ಹತ್ತು. ಮಲಾಕಿ ಗಿಲ್ರೇನ್ ಬಿಡ್ತಿಲ್ವಂತೆ. ಅಷ್ಟು ಹೇಸಿಗೆ ಆಗಿದೆ ಕಣಯ್ಯಾ ಆ ನಂಬರ್ ಅಂದ್ರೆ."

ಒಂಬತ್ತು ನನ್ನದು. ಅವನ ಎಂಟರ ಪಕ್ಕದ್ದು. ನಾನು ಮುಟ್ಟಿದ ನಂಬರನ್ನು ಕೂಡ ತನ್ನ ತಂಡದಿಂದ ತೆಗೆದುಹಾಕಿದ ಎಂದ ಮೇಲೆ ಕೇಳುವುದಕ್ಕೆ ಇನ್ನೇನೂ ಉಳಿಯಲಿಲ್ಲ. ಅವನ ಮೇಲೆ ಕೋಪವಿಲ್ಲ. ಆ ಹಕ್ಕು ಅವನಿಗಿತ್ತು.

ನನ್ನ ತಾಯಿ ತೀರಿದಾಗಲೂ ಬೆಳಿಗ್ಗೆ ಬಂದು ಸಂಜೆ ಹೊರಟದ್ದು ಅದಕ್ಕೇ. ಯಾರ ಮುಖವನ್ನೂ ನೋಡಲಿಲ್ಲ.

ಬೇರೆ ಯಾರಾದರೂ ಸಿಗಲಿ ಎಂದು ಹಾರೈಸುತ್ತೇನೆ.

ಫೆಲಿಮ್


ಕಿಲ್‌ಮಾರನ್
೧೬ ಏಪ್ರಿಲ್ ೧೯೮೯

ಫೆಲಿಮ್,

ಆ ಡ್ರಮ್‌ಕೀಲಿನವನು ಹೇಳಿದ್ದು ನಿಜ. ಎಂಟಾದ ಮೇಲೆ ಹತ್ತು. ಆ ಜಾಗದಲ್ಲಿ ಆಡುವವನಿಗೆ ಹದಿನಾರರ ಅಂಗಿ. ಹೊಸ ರೆಫರಿ ಬಂದಾಗಲೆಲ್ಲ ಕೇಳುತ್ತಿದ್ದರು. ಇಲ್ಲಿಯವರೂ ನೀನು ಅಂದುಕೊಂಡ ಹಾಗೆಯೇ ಅಂದುಕೊಂಡರು. ಮಲಾಕಿ ಯಾರಿಗೂ ಏನನ್ನೂ ಹೇಳಲಿಲ್ಲ. ನನಗೂ ಹೇಳಲಿಲ್ಲ. ನಾನು ಕೇಳಲೂ ಇಲ್ಲ.

ಆದರೆ ಅಂಗಿ ಒಗೆಯುವವಳು ನಾನು. ನನಗೆ ತಿಳಿದಿರುವುದನ್ನು ಹೇಳುತ್ತೇನೆ.

ಪ್ರತಿ ಭಾನುವಾರ ಅವನು ಚೀಲ ತಂದು ಹಿತ್ತಲ ಬಾಗಿಲಲ್ಲಿ ಸುರಿಯುತ್ತಿದ್ದ. ಕೆಸರು, ಬೆವರು, ಕೆಲವು ಸಲ ರಕ್ತ. ಅದರ ಜೊತೆಗೆ ಒಂಬತ್ತೂ ಇರುತ್ತಿತ್ತು, ಹೋದ ಹಾಗೆಯೇ ಮಡಚಿಕೊಂಡು. ಮದುವೆಯಾದ ಹೊಸತರಲ್ಲಿ ನಾನು ಅದನ್ನು ಎತ್ತಿ ಪಕ್ಕಕ್ಕಿಟ್ಟೆ. "ಇದು ಒಗೆದದ್ದೇ ಇದೆಯಲ್ಲ" ಎಂದೆ.

"ಅದ್ನೂ ಹಾಕು" ಎಂದ.

"ಯಾರೂ ಹಾಕ್ಕೊಂಡೇ ಇಲ್ಲ."

"ಹಾಕ್ಕೊಳ್ಳೋ ದಿನ ಮುಗ್ಗುಲು ವಾಸನೆ ಬರಬಾರ್ದು."

ಅಷ್ಟೇ. ಈ ವಿಷಯದಲ್ಲಿ ನಮ್ಮಿಬ್ಬರ ನಡುವೆ ನಡೆದ ಮಾತು ಅಷ್ಟೇ. ಎಂಬತ್ತೆರಡರಲ್ಲಿ ಹೊಸ ಅಂಗಿಗಳು ಬಂದಾಗ ಎಲ್ಲರ ಅಳತೆ ಬರೆದುಕೊಂಡರು. ಒಂಬತ್ತಕ್ಕೆ ಅವನೇ ಅಳತೆ ಹೇಳಿದ, ಭುಜ ಅಗಲ ಇರಲಿ ಎಂದ. ಅದೂ ಹೋಗುತ್ತಿತ್ತು, ಬರುತ್ತಿತ್ತು, ಒಗೆಸಿಕೊಳ್ಳುತ್ತಿತ್ತು. ಹೇಸಿಗೆಯಾದದ್ದನ್ನು ಯಾರೂ ಹೆಂಡತಿಯ ಕೈಯಲ್ಲಿ ವಾರ ವಾರ ಒಗೆಸುವುದಿಲ್ಲ ಫೆಲಿಮ್.

ಗುರುವಾರ ಪೇಪರು ಬಂದರೆ ಮೊದಲು ಹಿಂದಿನ ಪುಟ ತೆಗೆದು ಲಂಡನ್ ಆಟಗಳ ಸುದ್ದಿ ಓದುತ್ತಿದ್ದ. ಬೆರಳಿಟ್ಟು ಸಣ್ಣ ಅಕ್ಷರಗಳನ್ನೂ ಓದುತ್ತಿದ್ದ. ನಿನ್ನ ಹೆಸರು ಇದ್ದ ವಾರ ಚಹಾ ಇನ್ನೊಂದು ಬಟ್ಟಲು ಕೇಳುತ್ತಿದ್ದ.

ಮತ್ತೆ ನಿನ್ನ ತಾಯಿಯ ಮಣ್ಣಿನ ಮಾತು. ಹಿಂದಿನ ದಿನ ಗುಂಡಿ ತೋಡಲು ಹೋದ ನೆರೆಯವರಲ್ಲಿ ಮಲಾಕಿಯೂ ಇದ್ದ. ಕುಂಟು ಕಾಲಿನವನು ಬೇಡ ಎಂದರೂ ಕೇಳಲಿಲ್ಲ. ಮರುದಿನ ನೀನು ಬಂದಾಗ ಗೋಡೆಯ ಬಳಿ ಟೋಪಿ ತೆಗೆದು ನಿಂತಿದ್ದ. ನೀನು ತಲೆ ಎತ್ತುತ್ತೀಯೇನೋ ಎಂದು ಕಾದ. ನೀನು ಎತ್ತಲಿಲ್ಲ. ನಿನಗೆ ಅವನ ಮುಖ ನೋಡುವುದು ಬೇಡ ಎಂದು ಅವನು ತಿಳಿದುಕೊಂಡ. ಮನೆಗೆ ಬಂದು ಗುದ್ದಲಿ ತೊಳೆದಿಟ್ಟ.

ಮಲಾಕಿಯ ಗುಂಡಿಯನ್ನು ಕಾಹಲ್ ಮತ್ತು ಹುಡುಗರು ತೋಡಿದರು. ಚೆನ್ನಾಗಿಯೇ ತೋಡಿದರು. ಆದರೂ ಅಲ್ಲಿ ಒಂದು ಗುದ್ದಲಿ ಕಡಿಮೆ ಇತ್ತು ಎಂದು ನನಗೆ ಅನ್ನಿಸಿತು.

ಇನ್ನು ಒತ್ತಾಯ ಮಾಡುವುದಿಲ್ಲ. ಅಂಗಿ ಇಲ್ಲಿಯೇ ಇದೆ, ಎಂಟರ ಪಕ್ಕದ ಮೊಳೆಯಲ್ಲಿ.

ಡಿಂಪ್ನಾ


ಕಿಲ್‌ಮಾರನ್ ಫುಟ್‌ಬಾಲ್ ಕ್ಲಬ್
೨೩ ಏಪ್ರಿಲ್

ಫೆಲಿಮ್ ಮೆಗೂರ್ಟಿಗೆ,

ಡಿಂಪ್ನಾ ಬರೆಯಲು ಹೇಳಿಲ್ಲ. ಬರೆದದ್ದು ಗೊತ್ತಾದರೆ ಬೈಯುತ್ತಾಳೆ.

ಎಪ್ಪತ್ತೊಂದರಲ್ಲಿ ಚರ್ಚಿನ ಬಾಗಿಲಲ್ಲಿ ನಿನ್ನ ಮೇಲೆ ಕೂಗಾಡಿದವನು ನಾನು. ಆವತ್ತು ಕೂಗಾಡಬೇಕಿತ್ತು, ಕೂಗಾಡಿದೆ, ಮನೆಗೆ ಹೋಗಿ ಊಟ ಮಾಡಿದೆ. ನೀನು ಅದನ್ನು ಕಟ್ಟಿಕೊಂಡು ಲಂಡನ್ನಿಗೆ ಹೋಗುತ್ತೀ ಎಂದು ನನಗೇನು ಗೊತ್ತು? ಟಾಮ್ ಬ್ರೆನ್ನನ್ ಎಂದು ಆಡಿದವನು ಸುಮ್ಮನೆ ಮೂಲೆಯಲ್ಲಿ ನಿಂತಿದ್ದರೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ನಿನಗೆ ಕೆಟ್ಟದಾಗಿ ಆಡಲು ಬರುವುದಿಲ್ಲ, ಅದೇ ನಿನ್ನ ತೊಂದರೆ. ಈಗ ವಯಸ್ಸಾಗಿದೆ, ಆ ತೊಂದರೆ ಹೋಗಿರಬೇಕು.

ವರ್ಗಾವಣೆಯ ಕಾಗದ ಇದರೊಳಗಿದೆ. ನಿನ್ನ ಸಹಿ, ನಿನ್ನ ಕ್ಲಬ್ಬಿನ ಸಹಿ. ಈ ಸಲ ಸ್ವಂತ ಹೆಸರು ಹಾಕು.

ಡ್ರಮ್‌ಕೀಲಿನ ಬಣ್ಣದಲ್ಲಿ ನನ್ನ ಮಗನನ್ನು ನೋಡುವುದಕ್ಕಿಂತ ನಿನ್ನ ಮುಖ ನೋಡುವುದೇ ವಾಸಿ. ಇದಕ್ಕಿಂತ ಚೆನ್ನಾಗಿ ಕರೆಯಲು ನನಗೆ ಬರುವುದಿಲ್ಲ.

ಪ್ಯಾಟ್ರಿಕ್ ಮೆಕ್‌ಟರ್ನನ್, ಸೆಕ್ರೆಟರಿ


ಕ್ರಿಕಲ್‌ವುಡ್
೬ ಮೇ ೧೯೮೯

ಡಿಂಪ್ನಾ,

ಕಾಗದವನ್ನು ಪ್ಯಾಕಿಗೆ ಕಳಿಸಿದೆ.

ಗೋಡೆಯ ಬಳಿ ಅವನು ನಿಂತಿದ್ದು ನಾನು ನೋಡಲಿಲ್ಲ. ನೋಡಿದ್ದರೆ ಏನಾಗುತ್ತಿತ್ತು ಎಂದು ಈ ಮೂರು ವಾರ ಅದೊಂದೇ ಯೋಚನೆ. ಕೆಲಸದಲ್ಲಿ ಎರಡು ಸಲ ಗಾರೆ ಕಲಸಿ ಹಾಗೆಯೇ ಗಟ್ಟಿಯಾಗಲು ಬಿಟ್ಟೆ.

ಶನಿವಾರದ ಹಡಗು. ಭಾನುವಾರ ಡಬ್ಲಿನ್‌ನಿಂದ ಸ್ಲೈಗೋ ರೈಲು ಹಿಡಿಯುತ್ತೇನೆ. ಸಮಯಕ್ಕೆ ಬಂದರೆ ಆಟಕ್ಕೆ ಮೊದಲೇ ಇರುತ್ತೇನೆ. ಮೊಣಕಾಲು ಎರಡೂ ನೋಯುತ್ತವೆ ಎಂದು ಕಾಹಲ್‌ಗೆ ಹೇಳಿರು.

ಫೆಲಿಮ್


ಕಿಲ್‌ಮಾರನ್
೨೧ ಮೇ ೧೯೮೯

ಫೆಲಿಮ್,

ಸೋಮವಾರದ ಹಡಗಿಗೆ ನೀನು ಅವಸರದಲ್ಲಿ ಹೊರಟುಬಿಟ್ಟೆ. ನೀನು ನೋಡಿದ್ದನ್ನು ನಾನು ಬರೆಯುವುದಿಲ್ಲ. ನೀನು ನೋಡದ ಅರ್ಧವನ್ನು ಬರೆಯುತ್ತೇನೆ.

ಸ್ಲೈಗೋ ರೈಲು ದಾರಿಯಲ್ಲೇ ನಿಂತಿದೆ ಎಂದು ಸ್ಟೇಷನ್ನಿನಿಂದ ಪ್ಯಾಕಿ ಫೋನು ಮಾಡಿಸಿದರು. ಆಟ ಹದಿನಾಲ್ಕು ಜನರಿಂದ ಶುರುವಾಯಿತು. ಕಾಹಲ್‌ಗೆ ಎಂಟನ್ನು ನಾನೇ ಕೊಟ್ಟೆ. ಅವನು ತಗೊಳ್ಳಲೋ ಬೇಡವೋ ಎಂದು ನೋಡಿದ. "ಒಗೆದಿದೀನಿ, ಹಾಕ್ಕೋ" ಎಂದೆ. ಮಧ್ಯದಲ್ಲಿ ಅವನೊಬ್ಬನೇ ನಿಂತ. ಪಕ್ಕದ ಜಾಗ ಖಾಲಿ. ಮಲಾಕಿಯ ಜಾಗವೂ ಖಾಲಿ, ಶೆಡ್ಡಿನ ಪಕ್ಕದ ಮೂಲೆಯ ಮರದ ಕೆಳಗೆ ಅವನು ಟೋಪಿಯನ್ನು ಹಿಂದುಮುಂದಾಗಿ ಹಾಕಿಕೊಂಡು ನಿಲ್ಲುತ್ತಿದ್ದ ಜಾಗ. ನಾನು ಆ ಕಡೆ ನೋಡದೆ ಇರಲು ತುಂಬ ಪ್ರಯತ್ನಪಟ್ಟೆ.

ಡ್ರಮ್‌ಕೀಲಿನ ಹೆಂಗಸರು ಬೇಲಿಯ ಆಚೆ ಸಾಲಾಗಿ ನಿಂತಿದ್ದರು. ಅವರಲ್ಲೊಬ್ಬಳು ಕೂಗಿದಳು, "ಡಿಂಪ್ನಾ, ನಿಮ್ಮ ಹದಿನೈದನೆಯವನು ಎಲ್ಲಮ್ಮಾ? ಒಗೆಯೋಕೆ ಹಾಕಿದೀಯಾ?"

"ಹೌದು" ಎಂದೆ. "ಒಣಗ್ತಾ ಇದಾನೆ."

ಅರ್ಧ ಮುಗಿಯಿತು. ಆರು ಪಾಯಿಂಟು ಹಿಂದಿದ್ದೆವು, ಆದರೆ ಅದನ್ನು ಯಾರೂ ಕೇಳುತ್ತಿರಲಿಲ್ಲ. ಹುಡುಗರು ಶೆಡ್ಡಿಗೆ ಹೋಗದೆ ಗೇಟಿನ ಕಡೆಗೇ ಮುಖ ಮಾಡಿ ಹುಲ್ಲಿನ ಮೇಲೆ ಕುಳಿತರು. ರೆಫರಿ ಒಳ್ಳೆಯವನು, ತನ್ನ ಬೂಟಿನ ದಾರವನ್ನು ಬಿಚ್ಚಿ ಬಿಚ್ಚಿ ಕಟ್ಟಿದ. ಕೊನೆಗೆ ಎದ್ದು ನನ್ನ ಬಳಿ ಬಂದು, "ಇನ್ನು ತಡಮಾಡಕ್ಕಾಗಲ್ಲ ಅಮ್ಮಾ" ಎಂದ. ಸೀಟಿ ಬಾಯಿಗಿಟ್ಟಿದ್ದ. ಆಗ ಪ್ಯಾಕಿಯ ಕಾರಿನ ಹಾರನ್ನು ಸೇತುವೆಯ ಆಚೆಯಿಂದಲೇ ಕೇಳಿಸಿತು. ಆ ಮನುಷ್ಯ ಹಾರನ್ನಿನಿಂದ ಕೈ ತೆಗೆಯದೆ ಬಂದರು.

ಶೆಡ್ಡಿನೊಳಗೆ ನೀನು ಅಂಗಿಯನ್ನು ಮೊದಲು ಮೂಗಿಗೆ ಹಿಡಿದೆ. ನೀನು ಅದನ್ನು ಮಾಡಿದ್ದು ನಿನಗೆ ನೆನಪಿದೆಯೋ ಇಲ್ಲವೋ. ಆಮೇಲೆ, "ಕುಗ್ಗಿದೆ" ಎಂದೆ. ನಾನು, "ಅಂಗಿ ಕುಗ್ಗಿಲ್ಲ" ಎಂದೆ. ಇಬ್ಬರೂ ನಕ್ಕೆವು. ಜನವರಿಯಿಂದ ಈಚೆಗೆ ನಾನು ನಕ್ಕದ್ದು ಅದೇ ಮೊದಲು, ಆಮೇಲೆ ಗೋಡೆಯ ಕಡೆ ತಿರುಗಿಕೊಳ್ಳಬೇಕಾಯಿತು. ನೀನು ಬೂಟು ಕಟ್ಟುತ್ತ ನೋಡದವನಂತೆ ಕುಳಿತೆ. ಅದಕ್ಕೆ ಉಪಕಾರ.

ಗೋಲಿಗೆ ಹೋಗುತ್ತಿದ್ದ ನಿನ್ನನ್ನು ಕಾಹಲ್ ತೋಳು ಹಿಡಿದು ನಿಲ್ಲಿಸಿದ. ಏನು ಹೇಳಿದ ಎಂದು ಆಮೇಲೆ ಅವನೇ ಹೇಳಿದ: "ರೆಫರಿ ಚೆಂಡು ಎಸೆಯೋವರ್ಗೂ ನನ್ನ ಪಕ್ಕ ನಿಂತ್ಕೊಳ್ಳಿ. ಆಮೇಲೆ ಮೊಣಕಾಲು ಎಲ್ಲಿಗೆ ಕರ್ಕೊಂಡ್ ಹೋಗತ್ತೋ ಹೋಗಿ." ಎಂಟೂ ಒಂಬತ್ತೂ ಅಕ್ಕಪಕ್ಕ. ನಾನಿದ್ದ ಕಡೆಗೆ ನಿಮ್ಮಿಬ್ಬರ ಬೆನ್ನು ಮಾತ್ರ ಕಾಣುತ್ತಿತ್ತು. ಮುಖ ಕಾಣದ್ದು ಒಳ್ಳೆಯದಾಯಿತು.

ಆಮೇಲೆ ಆ ಒಂದು ಚೆಂಡು. ನೀನು ಹಿಡಿದದ್ದು ಇಡೀ ಆಟದಲ್ಲಿ ಅದೊಂದೇ, ಆದರೆ ನಿನಗೆ ಬೆನ್ನ ಹಿಂದೆ ಬೇಲಿಯ ಬಳಿ ನಿಂತಿದ್ದ ಜನ ಕಾಣಿಸಲಿಲ್ಲ. ಡ್ರಮ್‌ಕೀಲಿನ ಹುಡುಗನ ತಲೆಯ ಮೇಲಿಂದ ನೀನು ಅದನ್ನು ಎಳೆದುಕೊಂಡಾಗ ಎಲ್ಲರೂ ಬೇಲಿಯ ಮೇಲೆ ಮುಂದಕ್ಕೆ ಬಾಗಿದರು. ನಮ್ಮವರಿಗೆ ನಿನ್ನ ಹೆಸರು ಹಿಡಿದು ಕೂಗುವ ಅಭ್ಯಾಸ ತಪ್ಪಿಹೋಗಿತ್ತು. ಆಗ ಪ್ಯಾಕಿ ಬಾಗಿದ ಬೆನ್ನನ್ನು ನೆಟ್ಟಗೆ ಮಾಡಿ ಕೂಗಿದರು, "ಬಿಡ್ಬೇಡ ಟಾಮ್ ಬ್ರೆನ್ನನ್!" ಮೊದಲು ನಕ್ಕವರು ಡ್ರಮ್‌ಕೀಲಿನವರು. ಆಮೇಲೆ ನಮ್ಮವರು. ಆಮೇಲೆ ಯಾರು ಯಾವ ಊರಿನವರೆಂದು ತಿಳಿಯದ ಹಾಗೆ ಎಲ್ಲರೂ ಅದೇ ಹೆಸರು ಕೂಗುತ್ತಿದ್ದರು. ನೀನು ಸಿಟ್ಟಾಗಿದ್ದೀಯೋ ಎಂದು ನೋಡಿದೆ. ಚೆಂಡು ಒದ್ದು ತೋಳಿನಿಂದ ಮುಖ ಒರೆಸಿಕೊಂಡೆ.

ಅಷ್ಟು ಜನರ ನಡುವೆ ನಾನು ಕೊನೆಗೂ ಆ ಮೂಲೆಯ ಮರದ ಕಡೆ ತಿರುಗಿದೆ. ಹೇಳಬೇಕಿತ್ತಲ್ಲ ಅವನಿಗೆ. ಅಲ್ಲಿ ಯಾರೂ ಇರಲಿಲ್ಲ, ಪೀಪಾಯಿ ಇತ್ತು.

ನಾಲ್ಕು ಪಾಯಿಂಟಿನಿಂದ ಸೋತೆವು. ಸೋತದ್ದು ಕಿಲ್‌ಮಾರನ್ ಎಂದೇ ಪೇಪರಿನಲ್ಲಿ ಬಂದಿದೆ. ಗುರುವಾರ ಹಿಂದಿನ ಪುಟ ತೆಗೆದು ಬೆರಳಿಟ್ಟು ಓದಿದೆ. ನಿನ್ನ ಹೆಸರು ಸಣ್ಣ ಅಕ್ಷರದಲ್ಲಿದೆ, ನಿನ್ನ ಸ್ವಂತ ಹೆಸರೇ. ಚಹಾ ಇನ್ನೊಂದು ಬಟ್ಟಲು ಕುಡಿದೆ.

ಸೋಮವಾರ ಹದಿನಾಲ್ಕು ಅಂಗಿ ಒಗೆದು ಹಗ್ಗಕ್ಕೆ ಹಾಕಿದೆ. ಒಂಬತ್ತನ್ನು ಇಷ್ಟು ವರ್ಷ ಕೊಳೆಯಿಲ್ಲದೆ ಒಗೆದಿದ್ದೇನೆ, ಈಗ ಅದರ ಎದೆಯ ಮೇಲೆ ಚೆಂಡಿನಷ್ಟಗಲ ಕೆಸರಿದೆ, ಒಣಗಿ ಬಿಳಿಚಿದೆ. ಹಿತ್ತಲ ಬಾಗಿಲ ಬಳಿ ನೇತಾಡುತ್ತಿದೆ. ದಾಟಿ ಹೋಗುವಾಗಲೆಲ್ಲ ಒಗೆಯಬೇಕು ಅನ್ನಿಸುತ್ತದೆ, ಒಗೆಯುವುದಿಲ್ಲ.

ಮುಂದಿನ ಆಟ ಜೂನ್ ನಾಲ್ಕಕ್ಕೆ. ಬರುತ್ತೀಯೆಂದು ಒಂದು ಸಾಲು ಬರೆ, ಅವತ್ತೇ ಅಂಗಿ ನೆನೆಹಾಕುತ್ತೇನೆ.

ಡಿಂಪ್ನಾ